ಶೂ ಡಬ್ಬಿಯ ತುಂಬಾ ಕ್ಯಾಸೆಟ್: ಟೆನೆಸ್ಸಿಯಲ್ಲಿ ಆರು ದಿನ

ಮೊದಲ ದಿನ: ಮೆಂಫಿಸ್‌ನಿಂದ ಲಾರೆನ್ಸ್‌ಬರ್ಗ್

ಏಳು ಗಂಟೆಗೆ ಹೊರಡೋಣ ಅಂದಿದ್ದೆ. ಅಜ್ಜ ಆರೂವರೆಗೇ ಬಂದು ನಮ್ಮ ಕಾರಿನ ಪಕ್ಕ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಚಿಕ್ಕ ಸೂಟ್‌ಕೇಸು, ಕಂಕುಳಲ್ಲಿ ಒಂದು ಶೂ ಡಬ್ಬಿ. ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿತ್ತು.

"ದಾರಿಗೆ ಹಾಡು ತಂದಿದ್ದೇನೆ" ಅಂದರು. ಮುಚ್ಚಳ ತೆಗೆದು ನೋಡಿದರೆ ಪೂರ್ತಿ ಕ್ಯಾಸೆಟ್. ನನ್ನ ಕಾರು 2017ರದ್ದು. ಅದರಲ್ಲಿ ಕ್ಯಾಸೆಟ್ ಹಾಕುವ ಜಾಗ ಹಾಗಿರಲಿ, ಸಿಡಿ ಹಾಕುವ ಜಾಗವೂ ಇಲ್ಲ. ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಪರವಾಗಿಲ್ಲ, ಇರಲಿ" ಎಂದು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಮುಂದಿನ ಆರು ದಿನ ಆ ಡಬ್ಬಿ ಅಲ್ಲೇ ಇತ್ತು.

ಇವರು ನಮ್ಮ ಪಕ್ಕದ ಮನೆಯವರು. ಎದುರಿಗೆ ನಾನು ಸರ್ ಅನ್ನುವುದು, ಮನೆಯೊಳಗೆ ನಮಗೆ 'ಪಕ್ಕದ ಮನೆ ಅಜ್ಜ'. ಆಗ ವಯಸ್ಸು ಎಪ್ಪತ್ತೇಳು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಕಣ್ಣಿನ ಆಪರೇಷನ್ ಆದ ಮೇಲೆ ದೂರ ಕಾರು ಓಡಿಸುವುದನ್ನು ಬಿಟ್ಟಿದ್ದಾರೆ. ಪಿಜನ್ ಫೋರ್ಜ್ ಎಂಬ ಊರಿನಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ನ್ಯಾಷನಲ್ ಕ್ವಾರ್ಟೆಟ್ ಕನ್ವೆನ್ಶನ್ ಅನ್ನುವ ಸದರ್ನ್ ಗಾಸ್ಪೆಲ್ ಹಾಡಿನ ಸಮ್ಮೇಳನ ನಡೆಯುತ್ತದೆ, ಈ ಸಲವೂ ತಪ್ಪಿಹೋಗುತ್ತದಲ್ಲ ಎಂದು ಬೇಲಿಯ ಆಚೆಯಿಂದ ಒಂದು ದಿನ ಹೇಳಿದರು. ಅದು 2019. ನನಗೆ ರಜೆ ಉಳಿದಿತ್ತು. ಹೆಂಡತಿ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದಳು. "ನಾನು ಕರೆದುಕೊಂಡು ಹೋಗುತ್ತೇನೆ, ದಾರಿಯಲ್ಲಿ ಎಲ್ಲವನ್ನೂ ತೋರಿಸಬೇಕು" ಅಂದೆ.

ಸದರ್ನ್ ಗಾಸ್ಪೆಲ್ ಕ್ವಾರ್ಟೆಟ್ ಅಂದರೆ ನಾಲ್ಕು ಗಂಡಸರು, ಒಂದು ಪಿಯಾನೋ. ಮೇಲಿನ ದನಿ ಟೆನರ್. ರಾಗ ಹಿಡಿದು ಹೋಗುವವನು ಲೀಡ್. ನಡುವೆ ತುಂಬುವವನು ಬ್ಯಾರಿಟೋನ್. ಕೆಳಗೆ ನೆಲದೊಳಗಿಂದ ಬರುವ ಹಾಗೆ ಬೇಸ್. ಹಾಡುವುದು ಯೇಸುವಿನ ಹಾಡು, ಸತ್ತ ಮೇಲೆ ಸೇರುವ ಊರಿನ ಹಾಡು. ನನಗೆ ಇದರ ಗಂಧಗಾಳಿ ಇರಲಿಲ್ಲ. ನಾನು ಕುಂದಾಪುರದ ಕಡೆಯವನು, ಯಕ್ಷಗಾನದ ಚಂಡೆ ಕೇಳಿ ಬೆಳೆದವನು. ಆದರೆ ಇಲ್ಲಿನ ಅಭಿಮಾನಿಗಳ ಮಾತು ಕೇಳಿದಾಗ ಎಲ್ಲೋ ಕೇಳಿದ್ದೇನಲ್ಲ ಅನಿಸುತ್ತಿತ್ತು. ಅದು ನನ್ನ ಅಪ್ಪನ ಮಾತು.

ಊರು ಬಿಡುವ ಮೊದಲು ಅಜ್ಜ ಮೆಂಫಿಸ್ ಪೇಟೆಗೆ ಹೋಗೋಣ ಅಂದರು. ಕ್ಯಾನನ್ ಸೆಂಟರ್ ಎದುರು ಕಾರು ನಿಲ್ಲಿಸಿದೆ. "ಇಲ್ಲಿ ಎಲಿಸ್ ಆಡಿಟೋರಿಯಂ ಇತ್ತು. 1999ರಲ್ಲಿ ಕೆಡವಿದರು" ಅಂದರು. ಆಮೇಲೆ ಅವರು ಹೇಳಿದ್ದು 1954ರ ಕಥೆ.

ಬ್ಲ್ಯಾಕ್‌ವುಡ್ ಬ್ರದರ್ಸ್ ಎಂಬ ಕ್ವಾರ್ಟೆಟ್‌ನವರು ಮಿಸಿಸಿಪ್ಪಿಯ ಬಡ ರೈತರ ಮನೆಯವರು. 1934ರಲ್ಲಿ ಶುರು ಮಾಡಿದರು. ಮೂವರು ಅಣ್ಣತಮ್ಮಂದಿರು, ಜೊತೆಗೆ ಹಿರಿಯಣ್ಣನ ಮಗ ಆರ್. ಡಬ್ಲ್ಯೂ. 1950ರಲ್ಲಿ ಮೆಂಫಿಸ್‌ಗೆ ಬಂದು ನೆಲೆಸಿದರು. 1954ರ ಜೂನ್‌ನಲ್ಲಿ ಆರ್ಥರ್ ಗಾಡ್‌ಫ್ರೇ ಅವರ ಟಿವಿ ಸ್ಪರ್ಧೆಯಲ್ಲಿ ಗೆದ್ದು ದೇಶಕ್ಕೆಲ್ಲ ಹೆಸರಾದರು. ಅದೇ ತಿಂಗಳು 30ರಂದು ಅಲಬಾಮಾದ ಕ್ಲಾಂಟನ್‌ನಲ್ಲಿ ಪೀಚ್ ಹಣ್ಣಿನ ಜಾತ್ರೆಯಲ್ಲಿ ಹಾಡಲು ಹೋಗಿದ್ದರು. ಅವರದ್ದೇ ಸಣ್ಣ ವಿಮಾನ ಇತ್ತು. ಆರ್. ಡಬ್ಲ್ಯೂ. ಓಡಿಸುತ್ತಿದ್ದ, ಜೊತೆಯಲ್ಲಿ ಬೇಸ್ ಹಾಡುವ ಬಿಲ್ ಲೈಲ್ಸ್. ಜಾತ್ರೆಗೆ ಬಂದವರ ಕಣ್ಣೆದುರೇ ವಿಮಾನ ಬಿದ್ದು ಉರಿಯಿತು. ಕೆಳಗೆ ನಿಂತು ನೋಡುತ್ತಿದ್ದವರಲ್ಲಿ ಜೇಮ್ಸ್ ಬ್ಲ್ಯಾಕ್‌ವುಡ್ ಕೂಡ ಒಬ್ಬ.

"ಅಂತ್ಯಕ್ರಿಯೆ ಇಲ್ಲೇ ಆಯಿತು. ಅಮ್ಮ ನನ್ನನ್ನು ಕರೆದುಕೊಂಡು ಬಂದಿದ್ದಳು. ನನಗೆ ಹನ್ನೆರಡು ವರ್ಷ. ಸೆಕೆ ಅಂದರೆ ಸೆಕೆ. ಅಮ್ಮನ ಕರ್ಚೀಫು ಒದ್ದೆಯಾಗಿ ನನ್ನದನ್ನೂ ಕೇಳಿದಳು. ನಾನು ಮೂಗು ಒರೆಸಿದ್ದೆ ಅದರಲ್ಲಿ, ಕೊಡಲೋ ಬೇಡವೋ ಅಂತ ಯೋಚನೆ."

ಆ ವರ್ಷವೇ ಬೇಸ್ ಜಾಗಕ್ಕೆ ಜೆ. ಡಿ. ಸಮ್ನರ್ ಬಂದ. ಕೇಳಿದವರ ಎದೆ ನಡುಗುವಷ್ಟು ಕೆಳಗಿನ ದನಿ. ಮುಂದೆ ಎಲ್ವಿಸ್ ಪ್ರೀಸ್ಲಿ ಹಿಂದೆ ನಿಂತು ಹಾಡಿದವನೂ ಇವನೇ. ವಿಮಾನ ಬಿಟ್ಟು ಬಸ್ಸು ಕೊಂಡು, ಅದರೊಳಗೆ ಮಲಗಲು ಮಂಚ ಮಾಡಿಸಿದ ಹೆಸರೂ ಇವನದ್ದೇ. ಈಗ ದೊಡ್ಡ ಗಾಯಕರೆಲ್ಲ ಓಡಾಡುವ ಬಸ್ಸುಗಳಿಗೆ ಅದೇ ಮೂಲ ಅನ್ನುತ್ತಾರೆ. ಲೋಕವೆಲ್ಲ ಸಮ್ನರ್ ಸಮ್ನರ್ ಅನ್ನುತ್ತದೆ. ಆದರೆ ಅಜ್ಜನ ಅಮ್ಮ ಸಾಯುವ ತನಕ ಒಪ್ಪಲಿಲ್ಲವಂತೆ. "ಅವನು ಕೆಳಗೆ ಇಳಿಯುತ್ತಾನೆ, ಸರಿ. ಲೈಲ್ಸ್ ಹಾಡುತ್ತಿದ್ದ" ಅನ್ನುತ್ತಿದ್ದಳಂತೆ.

ನಾನು ನಕ್ಕುಬಿಟ್ಟೆ. ನಮ್ಮಪ್ಪನದ್ದೂ ಇದೇ ಧಾಟಿ. 1990ರಲ್ಲಿ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ಹೋದ ಮೇಲೆ ಬಂದ ಯಾವ ಭಾಗವತರನ್ನೂ ಅಪ್ಪ ಪೂರ್ತಿ ಒಪ್ಪಿಲ್ಲ. "ಲಾಯ್ಕ್ ಹೇಳ್ತಾರೆ, ಆದ್ರೂ..." ಅಂತ ಒಂದು 'ಆದ್ರೂ' ಇದ್ದೇ ಇರುತ್ತದೆ.

64ನೇ ಹೈವೇ ಹಿಡಿದು ಲಾರೆನ್ಸ್‌ಬರ್ಗ್ ತಲುಪುವಾಗ ಊಟದ ಹೊತ್ತು. ಕರಿದ ಕ್ಯಾಟ್‌ಫಿಶ್, ಜೋಳದ ಬ್ರೆಡ್ಡು. ಕುಂದಾಪುರದವನಿಗೆ ಮೀನು ಸಿಕ್ಕರೆ ಬೇರೆ ದೂರಿಲ್ಲ, ಆದರೂ ಒಂದು ಚಮಚ ಮೆಣಸಿನ ಪುಡಿ ಇದ್ದಿದ್ದರೆ!

ಇದು ಜೇಮ್ಸ್ ಡಿ. ವಾನ್ ಇದ್ದ ಊರು. ಹಾಡಿನ ಪುಸ್ತಕ ಅಚ್ಚು ಹಾಕಿ ಮಾರುವ ವ್ಯಾಪಾರ ಆತನದ್ದು. ಸುಮ್ನೆ ಪುಸ್ತಕ ಕಳಿಸಿದರೆ ಯಾರು ಕೊಳ್ಳುತ್ತಾರೆ? 1910ರಲ್ಲಿ ನಾಲ್ಕು ಗಾಯಕರಿಗೆ ಸಂಬಳ ಕೊಟ್ಟು ಊರೂರು ಕಳಿಸಿದ. ಅವರು ಚರ್ಚಿನಲ್ಲಿ ಹಾಡಬೇಕು, ಜನ ಪುಸ್ತಕ ಕೊಳ್ಳಬೇಕು. ಇಷ್ಟೇ ಲೆಕ್ಕ. ಈ ಸಂಗೀತ ಹುಟ್ಟಿದ್ದೇ ಸೇಲ್ಸ್‌ಮನ್ ಕೆಲಸದಿಂದ ಅಂತ ನಾನು ಅಂದರೆ ಅಜ್ಜ ಬೇಜಾರು ಮಾಡಿಕೊಳ್ಳಲಿಲ್ಲ. "ಹೊಟ್ಟೆಪಾಡು ಇಲ್ಲದೆ ಯಾವ ಹಾಡು ಬಂದಿದೆ?" ಅಂದರು.

ಊರಿನ ಚೌಕದಲ್ಲಿ ವಾನ್ ಹೆಸರಿನ ಪುಟ್ಟ ಮ್ಯೂಸಿಯಂ ಇದೆ. ನಾವು ತೆರೆಯುವ ಸಮಯ ವಿಚಾರಿಸದೆ ಹೋಗಿದ್ದೆವು. ಬಾಗಿಲು ಹಾಕಿತ್ತು. ಇಬ್ಬರೂ ಗಾಜಿಗೆ ಹಣೆ ಒತ್ತಿ ಒಳಗೆ ಇಣುಕಿ, ಡೇವಿ ಕ್ರಾಕೆಟ್ ಪ್ರತಿಮೆಯ ಹತ್ತಿರ ಬಂದು ಕೂತೆವು. ಆಗ ಅಜ್ಜ ಶೂ ಡಬ್ಬಿಯ ತಳದಿಂದ ಅಮ್ಮನ ಹಾಡಿನ ಪುಸ್ತಕ ತೆಗೆದರು. ರಟ್ಟು ಹೋಗಿದೆ, ಬೆನ್ನಿಗೆ ಬಟ್ಟೆ ಅಂಟಿಸಿದೆ.

ಪುಟ ತೆರೆದರೆ ವಿಚಿತ್ರ. ಹೆಚ್ಚಿನ ಸ್ವರಗಳ ತಲೆ ದುಂಡಗಿಲ್ಲ. ಒಂದು ತ್ರಿಕೋನ, ಒಂದು ಬಟ್ಟಲು, ಒಂದು ವಜ್ರ, ಒಂದು ಚೌಕ. ಹಳ್ಳಿ ಜನ ಸುಲಭವಾಗಿ ಓದಲಿ ಎಂದು ಏಳು ಸ್ವರಕ್ಕೆ ಏಳು ಆಕಾರ. ತ್ರಿಕೋನ ಅಂದರೆ 'ಡೋ'. ಶ್ರುತಿ ಯಾವುದೇ ಇರಲಿ, ಎಲ್ಲಿಂದ ಬೇಕಾದರೂ ಶುರು ಮಾಡಿ, ಆಧಾರ ಸ್ವರ ತ್ರಿಕೋನವೇ.

"ಇದು ನಮ್ಮ ಷಡ್ಜ!" ಅಂದೆ. ಚಿಕ್ಕವನಿದ್ದಾಗ ಎರಡು ವರ್ಷ ಸರಳೆ ವರಸೆ ಕಲಿತು ಬಿಟ್ಟವನು ನಾನು. ಅಜ್ಜ ಒಂದು ಸಾಲಿನ ಮೇಲೆ ಬೆರಳಿಟ್ಟು ಡೋ ಮಿ ಸೋಲ್ ಅಂತ ಹಾಡಿದರು. ನಾನು ಅದನ್ನೇ ಸ ಗ ಪ ಅಂತ ಹಾಡಿದೆ. ನಾಯಿ ಕರೆದುಕೊಂಡು ಹೋಗುತ್ತಿದ್ದ ಹೆಂಗಸು ನಿಂತು ನೋಡಿ, ತಾನೂ ಒಂದು ಸಾಲು ಸೇರಿಸಿ, ಗುಡ್ ಡೇ ಹೇಳಿ ಹೋದಳು. ಅಂಥ ಊರು ಅದು.

ಎರಡನೇ ದಿನ: ನ್ಯಾಶ್‌ವಿಲ್

ರೈಮನ್ ಆಡಿಟೋರಿಯಂ ನೋಡಲು ಒಂದೇ ಕಾರಣ ಇತ್ತು ಅಜ್ಜನಿಗೆ. ಪ್ರವಾಸಿಗಳೆಲ್ಲ ಕಂಟ್ರಿ ಸಂಗೀತದವರ ಫೋಟೋ ನೋಡುತ್ತಿದ್ದರೆ, ಇವರು ಬಾಲ್ಕನಿಗೆ ಹತ್ತಿ ಮರದ ಬೆಂಚಿನ ಮೇಲೆ ಕೂತರು. 1892ರ ಕಟ್ಟಡ. ಒಬ್ಬ ಹಡಗಿನ ಮಾಲೀಕ ಪ್ರಾರ್ಥನೆಗೆಂದು ಕಟ್ಟಿಸಿದ್ದು. ಬೆಂಚುಗಳು ಚರ್ಚಿನವು, ಬೆನ್ನಿಗೆ ಒರಗಿದರೆ ಐದು ನಿಮಿಷಕ್ಕೆ ನೋವು ಶುರು.

"ಈ ಬೆಂಚಿನ ಮೇಲೆ ರಾತ್ರಿಯಿಡೀ ಕೂರುತ್ತಿದ್ದರು" ಅಂದರು.

1948ರ ನವೆಂಬರ್‌ನಲ್ಲಿ ವಾಲಿ ಫೌಲರ್ ಎಂಬ ಗಾಯಕ ಇಲ್ಲಿ ಮೊದಲ 'ಆಲ್ ನೈಟ್ ಸಿಂಗಿಂಗ್' ನಡೆಸಿದ. ಒಂದು ತಂಡ ಆದ ಮೇಲೆ ಇನ್ನೊಂದು, ಬೆಳಗಿನ ಜಾವದ ತನಕ. ಮಕ್ಕಳು ಬೆಂಚಿನ ಕೆಳಗೆ ಕೋಟು ಹಾಸಿ ಮಲಗುತ್ತಿದ್ದರಂತೆ. ನಾನು ಯಕ್ಷಗಾನದ ಆಟಕ್ಕೆ ಹೋಗಿ ಗದ್ದೆಯಲ್ಲಿ ಚಾಪೆ ಹಾಸಿ ಮಲಗಿದ ಹಾಗೆ, ರಾಕ್ಷಸ ಬಂದಾಗ ಮಾತ್ರ ಎದ್ದ ಹಾಗೆ. ಇಲ್ಲಿ ಮಕ್ಕಳನ್ನು ಎಬ್ಬಿಸುತ್ತಿದ್ದುದು ಸ್ಟೇಟ್ಸ್‌ಮನ್ ಕ್ವಾರ್ಟೆಟ್ ಬಂದಾಗ.

ಸ್ಟೇಟ್ಸ್‌ಮನ್ ಕಟ್ಟಿದವನು ಹೋವಿ ಲಿಸ್ಟರ್, 1948ರಲ್ಲಿ, ಅಟ್ಲಾಂಟಾದಲ್ಲಿ. ಪಿಯಾನೋ ಬಾರಿಸುತ್ತಾ ಎದ್ದು ನಿಲ್ಲುವುದು, ಉದ್ದ ಕೂದಲು ಮುಖದ ಮೇಲೆ ಬೀಳಿಸಿಕೊಳ್ಳುವುದು, ಸ್ಟೂಲಿನ ಮೇಲೆ ಹತ್ತುವುದು ಎಲ್ಲ ಇತ್ತು. ಕೆಲವು ಪಾದ್ರಿಗಳಿಗೆ ಇದು ಹಿಡಿಸುತ್ತಿರಲಿಲ್ಲ. ಲೀಡ್ ಹಾಡುತ್ತಿದ್ದ ಜೇಕ್ ಹೆಸ್‌ನ ಪ್ರತಿ ಅಕ್ಷರ ಕೊನೆಯ ಬೆಂಚಿಗೂ ಕೇಳುತ್ತಿತ್ತು. ಮೆಂಫಿಸ್‌ನ ಹುಡುಗ ಎಲ್ವಿಸ್ ಇವನ ಹುಚ್ಚು ಅಭಿಮಾನಿ. ಆ ಎಲ್ವಿಸ್ ಒಂದು ಕ್ವಾರ್ಟೆಟ್ ಸೇರಲು ಹೋಗಿ, ನಾಲ್ಕು ದನಿಗಳಲ್ಲಿ ಬೆರೆಯಲು ಆಗುವುದಿಲ್ಲ ಎಂದು ವಾಪಸ್ ಬಂದಿದ್ದ. 1977ರಲ್ಲಿ ಅವನ ಅಂತ್ಯಕ್ರಿಯೆಯಲ್ಲಿ ಹೆಸ್ ಹಾಡಿದ.

ಬಾಲ್ಕನಿಯಿಂದ ಇಳಿಯುವಾಗ ನಾನು ಒಂದು ಪ್ರಶ್ನೆ ಕೇಳಿದೆ. ಎರಡು ದಿನದಿಂದ ಮನಸ್ಸಿನಲ್ಲಿತ್ತು. ಎಲಿಸ್‌ನಲ್ಲಿ ಕರಿಯರು ಎಲ್ಲಿ ಕೂರುತ್ತಿದ್ದರು?

ಅಜ್ಜ ಕಂಬಿ ಹಿಡಿದು ನಿಂತರು. "ಬೇರೆ ಕಡೆ. ನಾನು ಆಗ ಕೇಳಲೇ ಇಲ್ಲ, ಯಾಕೆ ಅಂತ" ಅಂದರು. ಅಷ್ಟೇ.

ನನಗೆ ಅಷ್ಟಕ್ಕೇ ಬಿಡಲು ಮನಸ್ಸಿಲ್ಲ. ಈ ಬಿಳಿಯರ ಕ್ವಾರ್ಟೆಟ್‌ಗಳು ಹಾಡಿದ ಎಷ್ಟೋ ಹಾಡು, ಎಷ್ಟೋ ಲಯ ಕರಿಯರ ಚರ್ಚಿನಿಂದ ಬಂದದ್ದು. ಥಾಮಸ್ ಡಾರ್ಸಿ 1932ರಲ್ಲಿ ಹೆರಿಗೆಯಲ್ಲಿ ಹೆಂಡತಿಯನ್ನೂ ಮಗುವನ್ನೂ ಕಳೆದುಕೊಂಡು ಬರೆದ 'ಪ್ರೆಷಸ್ ಲಾರ್ಡ್' ಹಾಡನ್ನು ಎರಡೂ ಕಡೆಯವರು ಹಾಡಿದರು. ಹಾಡು ಗೋಡೆ ದಾಟಿತು, ಕೇಳುವವರು ಬೇರೆ ಬೇರೆ ಬಾಗಿಲಿನಿಂದಲೇ ಒಳಗೆ ಹೋದರು. ಹಳೇ ಕಾಲ ಚೆನ್ನಾಗಿತ್ತು ಅನ್ನುವವರ ಜೊತೆ ಕೂತಾಗ ಇದೂ ನೆನಪಿರಬೇಕು ನನಗೆ.

ಮೂರನೇ ದಿನ: ಒಂದು ಗಂಟೆ ಕಳೆದುಹೋದದ್ದು

ಇವತ್ತಿನ ತಪ್ಪು ಪೂರ್ತಿ ನನ್ನದು. 40ನೇ ಹೈವೇಯಲ್ಲಿ ಪೂರ್ವಕ್ಕೆ ಹೊರಟೆವು. ಆರಾಮಾಗಿ ತಿಂಡಿ ತಿಂದು, ಹತ್ತು ಕಡೆ ನಿಂತು. ಕ್ರಾಸ್‌ವಿಲ್ ದಾಟಿದ ಮೇಲೆ ಗಡಿಯಾರ ಒಂದು ಗಂಟೆ ಮುಂದೆ ಹಾರುತ್ತದೆ ಅನ್ನುವುದು ಮರೆತೇ ಹೋಗಿತ್ತು. ಒಂದೇ ರಾಜ್ಯ, ಎರಡು ಸಮಯ. ಫೋನಿನಲ್ಲಿ ಗಂಟೆ ಬದಲಾದದ್ದು ನೋಡಿ ಎದೆ ಧಸಕ್ಕೆಂದಿತು. ಅಜ್ಜನಿಗೆ ಮೊದಲ ತಂಡವನ್ನೇ ನೋಡಬೇಕಿತ್ತು.

ಓಕ್ ರಿಜ್ ಕಡೆ ತಿರುಗುವ ಬೋರ್ಡು ಕಂಡಿತು. ಯುದ್ಧದ ಕಾಲದಲ್ಲಿ ಅಣುಬಾಂಬಿಗೆ ಯುರೇನಿಯಂ ತಯಾರಿಸಲು ಕಟ್ಟಿದ ಗುಟ್ಟಿನ ಊರು. ಬೇಲಿ ದಾಟಿ ಆಚೆ ಹೋಗುವಂತಿಲ್ಲದ ಆ ಕೆಲಸಗಾರರ ಮುಂದೆ ಹಾಡುತ್ತಿದ್ದವನು ಅದೇ ವಾಲಿ ಫೌಲರ್. ಅದಕ್ಕೇ ತಂಡದ ಹೆಸರು ಓಕ್ ರಿಜ್ ಕ್ವಾರ್ಟೆಟ್ ಆಯಿತು. ಮುಂದೆ ಓಕ್ ರಿಜ್ ಬಾಯ್ಸ್. ನಿಲ್ಲಲು ಸಮಯ ಇರಲಿಲ್ಲ. ಅಜ್ಜ ಡಬ್ಬಿಯಿಂದ ಅವರ ಕ್ಯಾಸೆಟ್ ತೆಗೆದು, ಹಿಂದುಮುಂದು ನೋಡಿ, ವಾಪಸ್ ಇಟ್ಟರು.

ಪಿಜನ್ ಫೋರ್ಜ್ ಸೇರಿದಾಗ ರಸ್ತೆಯಲ್ಲಿ ಜಾತ್ರೆಯ ಟ್ರಾಫಿಕ್ಕು. ಮಿನಿ ಗಾಲ್ಫು, ಪ್ಯಾನ್‌ಕೇಕ್ ಹೋಟೆಲು, ತಲೆಕೆಳಗಾಗಿ ನಿಂತ ಒಂದು ಕಟ್ಟಡ. ಈ ಬೆಟ್ಟದ ಬುಡಕ್ಕೆ ಇಷ್ಟೊಂದು ಬಣ್ಣ ಯಾಕೆ ಬಳಿದರೋ. ಲೆಕಾಂಟ್ ಸೆಂಟರ್ ಒಳಗೆ ಕಾಲಿಟ್ಟಾಗ ಮೊದಲ ತಂಡದ ಕೊನೆಯ ಹಾಡಿನ ಚಪ್ಪಾಳೆ ನಡೆಯುತ್ತಿತ್ತು. ನಾನು ಸಾರಿ ಅಂದೆ. "ಚಪ್ಪಾಳೆ ಸಿಕ್ಕಿತಲ್ಲ" ಅಂದರು ಅಜ್ಜ. ಆದರೆ ರಾತ್ರಿ ಮಲಗುವ ತನಕ ಮೂರು ಸಲ ಆ ತಂಡದ ಹೆಸರು ತೆಗೆದರು.

ರೂಮಿಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ.

"ಆಟ ಬೆಳಗಿನ ತನಕ ಇತ್ತಾ?"

"ಇಲ್ಲಪ್ಪ, ರಾತ್ರಿಯೇ ಮುಗೀತು."

"ಅದೆಂಥ ಆಟ ಮಾರಾಯ!"

ನಾಲ್ಕನೇ ದಿನ: ಬಿಳಿ ತಲೆಗಳ ಸಮುದ್ರ

ಹಗಲು ಪೂರ್ತಿ ಸ್ಟಾಲುಗಳ ಹಾಲ್‌ನಲ್ಲಿ ಕಳೆಯಿತು. ಒಂದೊಂದು ತಂಡಕ್ಕೆ ಒಂದು ಮೇಜು. ಸಿಡಿ, ಟೀ ಶರ್ಟು, ಫೋಟೋ. ವೇದಿಕೆಯಲ್ಲಿ ಹಾಡಿದವರೇ ಮೇಜಿನ ಹಿಂದೆ ನಿಂತು ಮಾರುತ್ತಾರೆ. ವಾನ್ ಶುರು ಮಾಡಿದ ಪುಸ್ತಕದ ವ್ಯಾಪಾರ ನೂರು ವರ್ಷವಾದರೂ ನಿಂತಿಲ್ಲ ನೋಡಿ. ಇಲ್ಲಿ ಅಭಿಮಾನಿ ದೂರ ನಿಂತು ಕೈಬೀಸುವವನಲ್ಲ. "ನಿನ್ನ ಅಮ್ಮನ ಮಂಡಿ ಆಪರೇಷನ್ ಏನಾಯಿತು?" ಎಂದು ಗಾಯಕನನ್ನು ಕೇಳುತ್ತಾನೆ. ಗಾಯಕನೂ ಉತ್ತರ ಹೇಳುತ್ತಾನೆ.

ಈ ಕನ್ವೆನ್ಶನ್ 1957ರಲ್ಲಿ ಮೆಂಫಿಸ್‌ನಲ್ಲೇ ಶುರುವಾದದ್ದು. ಸಮ್ನರ್ ಮತ್ತು ಜೇಮ್ಸ್ ಬ್ಲ್ಯಾಕ್‌ವುಡ್ ಸೇರಿ ಮಾಡಿದ್ದು. ಆಮೇಲೆ ನ್ಯಾಶ್‌ವಿಲ್, ಆಮೇಲೆ ಕೆಂಟಕಿಯ ಲೂಯಿವಿಲ್, 2014ರಿಂದ ಇಲ್ಲಿ. ಮೊದಲ ವರ್ಷಗಳನ್ನು ನೋಡಿದವರು ಈಗ ಬೆರಳೆಣಿಕೆ. ಕಾಫಿ ಸಾಲಿನಲ್ಲಿ ಅಂಥ ಇಬ್ಬರು ಅಕ್ಕತಂಗಿಯರು ಸಿಕ್ಕರು, ಜಾರ್ಜಿಯಾದವರು. ಒಬ್ಬರಿಗೆ ವಾಕರ್. ಕೂರಲು ಮನೆಯಿಂದ ದಿಂಬು ತಂದಿದ್ದರು.

ಅಜ್ಜ ಏನೋ ಮಾತಿಗೆ ಸ್ಟೇಟ್ಸ್‌ಮನ್ ಟೆನರ್ ಅಂದರೆ ರೋಸಿ ರೋಝೆಲ್ ಅಂದುಬಿಟ್ಟರು. ದೊಡ್ಡಕ್ಕ ಕಪ್ಪು ಕೆಳಗಿಟ್ಟರು.

"ಡೆನ್ವರ್ ಕ್ರಂಪ್ಲರ್."

"ಕ್ರಂಪ್ಲರ್ 1957ರಲ್ಲಿ ಹೋದ. ರೋಸಿ ಎಷ್ಟು ವರ್ಷ ಹಾಡಿದ!"

"ಎಷ್ಟು ವರ್ಷ ಅಂತ ನಾನು ಕೇಳಲಿಲ್ಲ."

ಚಿಕ್ಕವರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಅಕ್ಕನಿಗೆ ಕ್ರಂಪ್ಲರ್ ಒಂದು ಸಲ ಕೈಕುಲುಕಿದ್ದ. ಆಗ ಅವಳಿಗೆ ಹದಿನಾರು."

ಇಪ್ಪತ್ತು ನಿಮಿಷ ಜಗಳ. ಕಾಫಿ ಆರಿತು. ತಂಡದ ಹೆಸರು ಒಂದೇ, ಜಾಗಗಳು ನಾಲ್ಕೇ, ಬಂದು ಹೋದವರು ಹತ್ತಾರು ಜನ. ಹೊಸಬ ಬಂದಾಗಲೆಲ್ಲ ಇವರು ಹಳಬನ ಜೊತೆ ತೂಗಿ ನೋಡಿದ್ದಾರೆ. ತಮಗೆ ಹದಿನಾರು ಇದ್ದಾಗ ಆ ಜಾಗದಲ್ಲಿ ಯಾರು ನಿಂತಿದ್ದನೋ ಅವನೇ ಸರಿ. ಮೇಳ ಅದೇ, ಭಾಗವತರು ಬೇರೆ ಅನ್ನುವಾಗಿನ ಅಪ್ಪನ ಮುಖ ನೆನಪಾಯಿತು.

ಸಂಜೆ ದೊಡ್ಡ ಹಾಲ್‌ನಲ್ಲಿ ಕೂತೆವು. ಕಣ್ಣು ಹಾಯಿಸಿದಷ್ಟೂ ಬಿಳಿ ಕೂದಲು. ನನ್ನ ಬಣ್ಣದವರು ಎಣಿಸಿದರೆ ನಾಲ್ಕೈದು. ಯಾರೂ ಕೆಟ್ಟದಾಗಿ ನೋಡಲಿಲ್ಲ. ಎಲ್ಲರೂ ಯಾವ ಚರ್ಚು ಅಂತ ಮಾತ್ರ ಕೇಳಿದರು. "ನಾನು ಡ್ರೈವರ್" ಅಂದು ತಪ್ಪಿಸಿಕೊಂಡೆ.

ಒಂದು ತಂಡ ಬಂತು. ಪಿಯಾನೋ ಇಲ್ಲ, ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿ ಹಾಡಿದರು. ಕಾಣದ ಪಿಟೀಲುಗಳ ಅಬ್ಬರ. ಅಜ್ಜ ಕೈಕಟ್ಟಿ ಕೂತರು. ನನಗೂ ರುಚಿಸಲಿಲ್ಲ. ಟ್ರ್ಯಾಕ್ ಹಾಕಿದರೆ ಹಾಡು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ. ಜನ ಕುಣಿಯುತ್ತಿದ್ದಾರೆ, ಇನ್ನೊಮ್ಮೆ ಎತ್ತೋಣ ಅಂದರೆ ಆಗುವುದಿಲ್ಲ.

ಮುಂದಿನ ತಂಡಕ್ಕೆ ಪಿಯಾನೋ ಇತ್ತು. ಬೇಸ್ ಹಾಡುವ ಹುಡುಗನಿಗೆ ಇಪ್ಪತ್ತೈದು ಇರಬಹುದು, ಸಪೂರ. ಕೊನೆಯಲ್ಲಿ ಉಳಿದ ಮೂವರು ಮೇಲೆ ಹಿಡಿದು ನಿಂತರು, ಇವನು ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಸ್ವರ ಕೆಳಗೆ ಹೋದ. ಮಂದ್ರ ಷಡ್ಜ ದಾಟಿ ಇನ್ನೂ ಕೆಳಗೆ. ಕುರ್ಚಿಯ ಕಬ್ಬಿಣದ ಕಾಲು ನಡುಗಿದ್ದು ನನ್ನ ಅಂಗಾಲಿಗೆ ಗೊತ್ತಾಯಿತು. ಜನ ಎದ್ದರು. ಪಿಯಾನೋದವನು ನಗುತ್ತಾ ತಲೆಯಾಡಿಸಿ ಅರ್ಧ ಸ್ವರ ಮೇಲೆತ್ತಿ ಪಲ್ಲವಿ ಮತ್ತೆ ಶುರು ಮಾಡಿದ. ಮತ್ತೆ ಇಳಿದ ಹುಡುಗ. ಮೂರು ಸಲ. ವಾಕರ್‌ನ ಅಕ್ಕ ವಾಕರ್ ಬಿಟ್ಟು ಚಪ್ಪಾಳೆ ಹೊಡೆಯುತ್ತಿದ್ದರು.

ನಡುವಿನ ಬಿಡುವಿನಲ್ಲಿ ಅಜ್ಜ ಲೂಯಿವಿಲ್ ಕಥೆ ಹೇಳಿದರು. 1999. ಕೆಥೀಡ್ರಲ್ ಕ್ವಾರ್ಟೆಟ್ ಆ ವರ್ಷ ಹಾಡುವುದನ್ನು ನಿಲ್ಲಿಸುವುದಿತ್ತು. ಬೇಸ್ ಜಾರ್ಜ್ ಯೌನ್ಸ್, ಲೀಡ್ ಗ್ಲೆನ್ ಪೇನ್. 1960ರ ದಶಕದಿಂದ ಒಟ್ಟಿಗೆ ಇದ್ದವರು, ವೇದಿಕೆಯಲ್ಲಿ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದವರು. ಕನ್ವೆನ್ಶನ್ ಹೊತ್ತಿಗೆ ಪೇನ್ ಕ್ಯಾನ್ಸರ್‌ನಿಂದ ಆಸ್ಪತ್ರೆಯಲ್ಲಿದ್ದ. ಅಲ್ಲಿಂದಲೇ ಫೋನಿನಲ್ಲಿ ಹಾಡಿದ. ಅದನ್ನು ಹಾಲ್‌ನ ಸ್ಪೀಕರಿಗೆ ಕೊಟ್ಟರು.

"ನನ್ನ ಹೆಂಡತಿ ಪಾಪ್‌ಕಾರ್ನ್ ಕೈಯಲ್ಲಿ ಹಿಡಿದಿದ್ದಳು. ಸದ್ದಾಗುತ್ತದೆ ಅಂತ ಬಾಯಿಗೆ ಹಾಕಲಿಲ್ಲ, ಕೆಳಗೂ ಇಡಲಿಲ್ಲ. ಹಾಡು ಮುಗಿಯುವ ತನಕ ಹಾಗೇ." ಅಕ್ಟೋಬರ್‌ನಲ್ಲಿ ಪೇನ್ ತೀರಿಕೊಂಡ. 2005ರಲ್ಲಿ ಯೌನ್ಸ್.

ಐದನೇ ದಿನ: ಡಾಲಿವುಡ್

ಗಾಯಕಿ ಡಾಲಿ ಪಾರ್ಟನ್ ಅವರ ಮೋಜಿನ ಪಾರ್ಕ್ ಒಳಗೆ ಆಗ ಸದರ್ನ್ ಗಾಸ್ಪೆಲ್ ಮ್ಯೂಸಿಯಂ ಇತ್ತು. 1999ರಲ್ಲಿ ತೆರೆದದ್ದು. ಹೊರಗೆ ರೋಲರ್ ಕೋಸ್ಟರ್‌ನಲ್ಲಿ ಮಕ್ಕಳ ಕಿರುಚಾಟ, ಒಳಗೆ ಗೋಡೆ ತುಂಬಾ ಹಿರಿಯರ ಕಂಚಿನ ಫಲಕ. ನನಗೆ ಒಂದು ಗಂಟೆಯಲ್ಲಿ ಮುಗಿಯಿತು. ಅಜ್ಜ ಪ್ರತಿ ಫಲಕದ ಮುಂದೆ ನಿಂತು, ಪರಿಚಯದವರ ಮನೆಗೆ ಬಂದವರ ಹಾಗೆ ಸ್ವಲ್ಪ ತಲೆ ಬಾಗಿಸಿ ಮುಂದೆ ಹೋಗುತ್ತಿದ್ದರು.

ಹೊರಗೆ ಬೆಂಚಿನಲ್ಲಿ ಕೂತಾಗ ಅವರು ಮಾತಾಡಿದ್ದು ಆಂಥನಿ ಬರ್ಗರ್ ಬಗ್ಗೆ. ಇದೇ ಟೆನೆಸ್ಸಿಯ ಕ್ಲೀವ್‌ಲ್ಯಾಂಡ್ ಊರಿನವನು. ಎಂಟು ತಿಂಗಳ ಕೂಸಿದ್ದಾಗ ನೆಲದ ಹೀಟರಿನ ಕಾದ ಜಾಲರಿ ಮೇಲೆ ಬಿದ್ದು ಎರಡೂ ಕೈ ಸುಟ್ಟಿತ್ತು. ಬೆರಳು ಆಡುವುದೇ ಕಷ್ಟ ಅಂದಿದ್ದರು ಡಾಕ್ಟರು. ಹದಿಹರೆಯದಲ್ಲೇ ಕಿಂಗ್ಸ್‌ಮನ್ ಕ್ವಾರ್ಟೆಟ್‌ಗೆ ಪಿಯಾನೋ ನುಡಿಸಿದ. 2006ರ ಫೆಬ್ರವರಿಯಲ್ಲಿ ಹಡಗಿನ ಮೇಲೆ ಕಾರ್ಯಕ್ರಮ ನಡೆಯುತ್ತಿದ್ದಾಗ ನುಡಿಸುತ್ತಲೇ ಕುಸಿದು ಹೋದ. ವಯಸ್ಸು 44. ಅಜ್ಜನ ಹೆಂಡತಿ ನಮ್ಮ ಬೀದಿ ಕೊನೆಯ ಚರ್ಚಿನಲ್ಲಿ ಪಿಯಾನೋ ನುಡಿಸುತ್ತಿದ್ದವರು. ಬರ್ಗರ್‌ನ ಎಡಗೈ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದರಂತೆ. "ಅಡುಗೆ ಸೀದು ಹೋಗುತ್ತಿತ್ತು" ಅಂದರು.

ಆರನೇ ದಿನ: ಮನೆಗೆ

ಇಡೀ ಟೆನೆಸ್ಸಿಯನ್ನು ಅಡ್ಡಲಾಗಿ ದಾಟಿದೆವು. ಕಳೆದ ಒಂದು ಗಂಟೆ ವಾಪಸ್ ಸಿಕ್ಕಿತು. ಅಜ್ಜ ಹೆಚ್ಚು ಹೊತ್ತು ನಿದ್ದೆ, ಡಬ್ಬಿ ಮಾತ್ರ ಜಾರಲಿಲ್ಲ.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಸೂಟ್‌ಕೇಸು ಒಳಗಿಟ್ಟು ಹೊರಡುವವನಿದ್ದೆ. "ಒಂದು ಕೆಲಸ ಇದೆ" ಎಂದು ಗ್ಯಾರೇಜಿನ ಬಾಗಿಲು ಎತ್ತಿದರು. ಮೂಲೆಯಲ್ಲಿ ಅವರ ಹಳೇ ಪಿಕಪ್ ಟ್ರಕ್ಕು, ಟಾರ್ಪಾಲು ಹೊದ್ದು ಮಲಗಿತ್ತು. ಅದರಲ್ಲಿ ಕ್ಯಾಸೆಟ್ ಪ್ಲೇಯರ್ ಇದೆ. ಬ್ಯಾಟರಿ ಸತ್ತಿತ್ತು. ನನ್ನ ಕಾರು ಹತ್ತಿರ ತಂದು ಕೇಬಲ್ ಕೊಟ್ಟೆ. ನಾಲ್ಕನೇ ಸಲಕ್ಕೆ ದೀಪ ಹತ್ತಿತು.

ಅವರು ಆರಿಸಿದ ಕ್ಯಾಸೆಟ್‌ನ ಟೇಪು ಸಡಿಲವಾಗಿ ಹೊರಗೆ ಬಂದಿತ್ತು. ನಾನು ಜೇಬು ತಡಕುವಷ್ಟರಲ್ಲಿ ಅವರೇ ಡಬ್ಬಿಯಿಂದ ಒಂದು ಮೋಟು ಪೆನ್ಸಿಲು ತೆಗೆದು ತೂತಿಗೆ ಸಿಕ್ಕಿಸಿ ತಿರುಗಿಸಿದರು. ಅಪ್ಪ ಇದಕ್ಕೆ ಬಳಸುತ್ತಿದ್ದುದು ರೆನಾಲ್ಡ್ಸ್ ಪೆನ್ನು.

ಕರಕರ ಸದ್ದು, ಆಮೇಲೆ ಪಿಯಾನೋ, ನಾಲ್ಕು ದನಿ. ರೆಕಾರ್ಡಿಂಗ್ ಹಳೆಯದು, ಡಬ್ಬದೊಳಗೆ ಹಾಡಿದ ಹಾಗೆ. ಅಜ್ಜ ಬೇಸ್ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದರು. ಕೆಳಗಿನ ದನಿ ಒಂಟಿಯಾಗಿ ಬಂದ ಸಾಲಿನಲ್ಲಿ ಬಾಗಿಲಿನ ಜೇಬಿನಲ್ಲಿದ್ದ ಚಿಲ್ಲರೆ ಕಾಸು ಗಿಲಿಗಿಲಿ ಎಂದಿತು. ಅಷ್ಟೇನೂ ಕೆಳಗಿಲ್ಲ. ಮೊನ್ನೆ ಕೇಳಿದ ಹುಡುಗ ಇದಕ್ಕಿಂತ ಎಷ್ಟೋ ಕೆಳಗೆ ಇಳಿದಿದ್ದ.

"ಸಮ್ನರಾ?" ಎಂದೆ.

"ಲೈಲ್ಸ್" ಅಂದರು ಅಜ್ಜ. ಹಾಡು ಮುಗಿಯಿತು. ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. ನಾನು ಕಾರಿನ ಎಂಜಿನ್ ಆರಿಸದೆ, ಗ್ಯಾರೇಜಿನ ಬಾಗಿಲನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಬಂದು, ಪಕ್ಕದ ಸೀಟಿನಲ್ಲಿ ಕೂತೆ.